ಜೂಜಾಡದವರ ಲಾಸ್ ವೇಗಸ್



ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮ ಒಂದೊಂದು ಬೀದಿಯಲ್ಲೂ ನಾಲ್ಕಾರು ಸಿಗುತ್ತವೆ. ಮಗಳ ಬಾಣಂತನಕ್ಕೆ ತಾಯಿ ಮೊದಲು ಹೋಗುತ್ತಾರೆ. ನಾಮಕರಣದ ಹೊತ್ತಿಗೆ ತಂದೆಯೂ ಹೋಗಿ ಸೇರಿಕೊಳ್ಳುತ್ತಾರೆ. ಕೂಸಿಗೆ ಕತ್ತು ನಿಂತಮೇಲೆ, ಹಿರಿಯರು ಊರಿಗೆ ಹೊರಡುವ ಮುಂಚೆ ಎಲ್ಲಾದರೂ ಕರೆದುಕೊಂಡು ಹೋಗಬೇಕಲ್ಲ ಎಂದು ಮಕ್ಕಳು ಗ್ರ್ಯಾಂಡ್ ಕ್ಯಾನ್ಯನ್ ಪ್ರವಾಸ ಗೊತ್ತುಮಾಡುತ್ತಾರೆ. ಆ ದಾರಿಯಲ್ಲಿ ಎರಡು ರಾತ್ರಿ ಲಾಸ್ ವೇಗಸ್. ಹೆಸರು ಕೇಳಿದ ಕೂಡಲೇ ಹಿರಿಯರಿಂದ ಎರಡು ಮಾತು ಬರುತ್ತವೆ. ಒಂದು, "ಜೂಜಿನ ಊರಲ್ಲಿ ನಮಗೇನಪ್ಪಾ ಕೆಲಸ?" ಇನ್ನೊಂದು, "ಅಲ್ಲಿ ಕುಡಿಯೋ ನೀರಿಗೂ ಸುಲೀತಾರಂತೆ."

ಅದೇ ಊರಿಗೆ ಬೆಂಗಳೂರಿನ ಕಂಪನಿಗಳಿಂದಲೂ ಪ್ರತಿವರ್ಷ ನಮ್ಮ ಹುಡುಗ ಹುಡುಗಿಯರು ಹೋಗುತ್ತಾರೆ. ಜನವರಿಯಲ್ಲಿ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ, ನವೆಂಬರ್ ಮುಗಿದು ಡಿಸೆಂಬರ್ ಹಿಡಿಯುವಾಗ ಅಮೆಜಾನ್ ಕಂಪನಿಯ ಸಮ್ಮೇಳನ. ಹಗಲೆಲ್ಲ ಭಾಷಣ ಕೇಳಿ, ರಾತ್ರಿ ಕಂಪನಿ ಕೊಟ್ಟ ದಿನಭತ್ಯೆಯಲ್ಲಿ ಹೊಟ್ಟೆ ತುಂಬಿಸಿಕೊಂಡು, ಒಂದು ಪ್ರದರ್ಶನವನ್ನಾದರೂ ನೋಡಿ ಬರಬೇಕೆಂಬ ಆಸೆ ಅವರದು.

ಇವರೆಲ್ಲರಿಗೂ ನಾನು ಹೇಳುವುದು ಇಷ್ಟೆ. ಹೋಗಿ ಬನ್ನಿ. ಒಂದು ಕಾಸನ್ನೂ ಪಣಕ್ಕಿಡದೆ, ಸಾಲವನ್ನೂ ಮಾಡದೆ, ಜಗತ್ತಿನ ಉತ್ತಮ ರಂಗಕಲೆಯನ್ನೂ ಒಳ್ಳೆಯ ಊಟವನ್ನೂ ಆ ಊರಿನಲ್ಲಿ ಪಡೆಯಬಹುದು. ಆದರೆ ಆ ಊರು ಹೇಗೆ ದುಡಿಯುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು.

ನೆವಾಡ ರಾಜ್ಯದ ಮರಳುಗಾಡಿನಲ್ಲಿ, ವರ್ಷಕ್ಕೆ ನಾಲ್ಕು ಇಂಚು ಮಳೆ ಕಾಣುವ ಜಾಗದಲ್ಲಿ, 1905ರಲ್ಲಿ ರೈಲು ಕಂಪನಿಯೊಂದು ನಿವೇಶನಗಳನ್ನು ಹರಾಜು ಹಾಕಿತು. ಲಾಸ್ ವೇಗಸ್ ಹುಟ್ಟಿದ್ದು ಹೀಗೆ. 1931ರಲ್ಲಿ ಎರಡು ಸಂಗತಿಗಳು ಒಟ್ಟಿಗೇ ಆದವು. ನೆವಾಡ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಪಕ್ಕದ ಕೊಲರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿ ಸಾವಿರಾರು ಕೂಲಿಗಳು ಬಂದಿಳಿದರು. ಹತ್ತು ವರ್ಷ ಕಳೆದು 1941ರಲ್ಲಿ ಊರ ಹೊರಗಿನ ಹೆದ್ದಾರಿಯ ಮೇಲೆ ಎಲ್ ರ‍್ಯಾಂಚೊ ವೇಗಸ್ ಎಂಬ ಮೊದಲ ರೆಸಾರ್ಟ್ ತೆರೆಯಿತು. ಇವತ್ತು ಎಲ್ಲರೂ 'ಸ್ಟ್ರಿಪ್' ಎನ್ನುವ ಸುಮಾರು ಏಳು ಕಿಲೋಮೀಟರ್ ಉದ್ದದ ರಸ್ತೆ ಬೆಳೆದದ್ದು ಅದರ ನಂತರ.

ಆ ಎಲ್ ರ‍್ಯಾಂಚೊದಲ್ಲೇ 1940ರ ದಶಕದಲ್ಲಿ ಮಧ್ಯರಾತ್ರಿಯ ಬಫೆ ಶುರುವಾಯಿತು. ಒಂದು ಡಾಲರಿಗೆ ಬೇಕಾದಷ್ಟು ಊಟ. ಹಾಡು ಕುಣಿತ ಮುಗಿದಮೇಲೆ ಜನ ಎದ್ದು ಮಲಗಲು ಹೋಗಬಾರದು, ಉಂಡು ಮತ್ತೆ ಜೂಜಿನ ಮೇಜಿಗೇ ಬರಬೇಕು ಎಂಬುದು ಅದರ ಲೆಕ್ಕಾಚಾರ. ಊಟದಲ್ಲಿ ಹೋದದ್ದು ಜೂಜಿನಲ್ಲಿ ವಾಪಸು ಬರುತ್ತಿತ್ತು. ಹಳೆಯ ಪೇಟೆಯ ಗೋಲ್ಡನ್ ಗೇಟ್ ಹೋಟೆಲಿನಲ್ಲಿ 1959ರಲ್ಲಿ ಒಂದು ಲೋಟದ ತುಂಬ ಸಿಗಡಿಯನ್ನು 50 ಸೆಂಟಿಗೆ ಕೊಡತೊಡಗಿದರು. 1991ರವರೆಗೂ ಅದೇ ಬೆಲೆ. ವೇಗಸ್‌ನಲ್ಲಿ ಊಟ ಅಗ್ಗ ಎಂಬ ಮಾತು ಆ ಕಾಲದ್ದು. ಮೂವತ್ತು ವರ್ಷದ ಹಿಂದೆ ಹೋಗಿಬಂದ ನಮ್ಮ ನೆಂಟರು ಇವತ್ತಿಗೂ ಆ ಮಾತು ಹೇಳಿದರೆ, ಅವರು ಸುಳ್ಳು ಹೇಳುತ್ತಿಲ್ಲ, ಕಾಲ ಬದಲಾಗಿದೆ.

ಬದಲಾವಣೆ ಶುರುವಾದದ್ದು 1989ರಲ್ಲಿ, ಮಿರಾಜ್ ಎಂಬ ಭಾರಿ ರೆಸಾರ್ಟ್ ತೆರೆದಾಗ. ಕೋಣೆ, ಊಟ, ಪ್ರದರ್ಶನ ಇವೇ ಲಾಭ ತರಬಲ್ಲವು ಎಂದು ಅದು ತೋರಿಸಿತು. 1992ರಲ್ಲಿ ವೂಲ್ಫ್‌ಗ್ಯಾಂಗ್ ಪಕ್ ಎಂಬ ಹೆಸರಾಂತ ಬಾಣಸಿಗ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಪಕ್ಕದ ಫೋರಂ ಶಾಪ್ಸ್‌ನಲ್ಲಿ ತನ್ನ ಸ್ಪಾಗೊ ರೆಸ್ಟೋರೆಂಟ್ ತೆರೆದ. ಅವನ ಹಿಂದೆ ಪ್ಯಾರಿಸ್, ನ್ಯೂಯಾರ್ಕ್‌ಗಳ ದೊಡ್ಡ ಬಾಣಸಿಗರೆಲ್ಲ ಬಂದರು. ಇವತ್ತು ಸ್ಟ್ರಿಪ್ಪಿನ ರೆಸಾರ್ಟ್‌ಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಜೂಜಿನಿಂದಲ್ಲ, ಉಳಿದವುಗಳಿಂದ. ಹಿಂದೆ ಊಟವೂ ಆಟವೂ ಗಾಳದ ತುದಿಯ ಹುಳುವಾಗಿದ್ದವು. ಈಗ ಅವೇ ಅಂಗಡಿಯ ಸರಕು. ಆದ್ದರಿಂದ ಜೂಜಾಡದ ಅತಿಥಿಗೂ ಅಲ್ಲಿ ಪೂರ್ತಿ ಮರ್ಯಾದೆಯಿದೆ, ಸಂಕೋಚಪಡಬೇಕಾಗಿಲ್ಲ. ಬೆಲೆ ಮಾತ್ರ ನೋಡಿಕೊಂಡು ನಡೆಯಬೇಕು.

ಊಟದ ವಿಚಾರಕ್ಕೆ ಬರುತ್ತೇನೆ. 2020ರಲ್ಲಿ ಕೋವಿಡ್ ಬಂದಾಗ ಬಾಗಿಲು ಹಾಕಿದ ಬಫೆಗಳಲ್ಲಿ ಎಷ್ಟೋ ಮತ್ತೆ ತೆರೆಯಲಿಲ್ಲ. ಉಳಿದವುಗಳಲ್ಲಿ ಹೆಸರುವಾಸಿಯಾದದ್ದು ಸೀಸರ್ಸ್ ಪ್ಯಾಲೇಸಿನ ಬ್ಯಾಕನಾಲ್. ಅಲ್ಲಿ ಒಬ್ಬರ ರಾತ್ರಿಯೂಟ 80 ಡಾಲರ್ ದಾಟುತ್ತದೆ. ನಮ್ಮ ದುಡ್ಡಿನಲ್ಲಿ ಏಳು ಸಾವಿರ ರೂಪಾಯಿಯ ಮೇಲೆ. ಅಷ್ಟು ಬೆಲೆ ಯಾವುದಕ್ಕೆ ಎಂದರೆ ಏಡಿಯ ಕಾಲು, ಸಿಂಪಿ, ಬೇಯಿಸಿ ಹೋಳುಮಾಡಿದ ಉತ್ತಮ ದನದ ಮಾಂಸ, ಇವುಗಳಿಗೆ. ಮೀನು ಮಾಂಸ ಪ್ರೀತಿಯಿಂದ ತಿನ್ನುವವರು, ಹಸಿದು ಹೋಗಿ ನಿಧಾನವಾಗಿ ಕೂತು ಉಣ್ಣುವವರು ಒಂದು ಸಲ ಹೋಗಿಬರಲಿ, ದುಡ್ಡು ಸಾರ್ಥಕ. ಸಸ್ಯಾಹಾರಿಗಳಿಗೆ ನನ್ನ ಸಲಹೆ ಬೇಡ ಎಂದೇ. ತಟ್ಟೆಗೆ ಅನ್ನ, ತರಕಾರಿ, ಹಣ್ಣು, ಎರಡು ತುಂಡು ಕೇಕು ಹಾಕಿಕೊಂಡು ಪಕ್ಕದವರ ಏಡಿಗೆ ನೀವು ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ಎಲ್ಲಿ ಉಣ್ಣುವುದು? ಈಗ ಅನೇಕ ಕಡೆ ಫುಡ್ ಹಾಲ್‌ಗಳು ಬಂದಿವೆ. ಒಂದೇ ಸೂರಿನಡಿ ಹತ್ತಾರು ಸಣ್ಣ ಅಡುಗೆಮನೆಗಳು. ಬೇಕಾದದ್ದನ್ನು ಕೊಂಡು ನಡುವಿನ ಮೇಜುಗಳಲ್ಲಿ ಕೂತು ತಿನ್ನಬಹುದು. ಪಾರ್ಕ್ ಎಂಜಿಎಂ ಹೋಟೆಲಿನ ಈಟಲಿ, ಕಾಸ್ಮೊಪಾಲಿಟನ್‌ನ ಬ್ಲಾಕ್ ಸಿಕ್ಸ್‌ಟೀನ್ ಅಂಥವು. ಈಟಲಿಯಲ್ಲಿ ಕಣ್ಣೆದುರೇ ಹಿಟ್ಟು ತಟ್ಟಿ ಒಲೆಯಲ್ಲಿ ಬೇಯಿಸಿಕೊಡುವ ಪಿಜ್ಜಾ ಇಬ್ಬರು ಹಿರಿಯರಿಗೆ ಧಾರಾಳವಾಗಿ ಸಾಕು. ಅಮೆರಿಕದಲ್ಲಿ ಒಂದು ಪ್ಲೇಟ್ ಎಂದರೆ ನಮ್ಮ ಒಂದೂವರೆ ಪ್ಲೇಟ್. ಇಬ್ಬರ ನಡುವೆ ಒಂದನ್ನೇ ಹಂಚಿಕೊಳ್ಳುತ್ತೇವೆ ಎಂದು ಹೇಳಿದರೆ ಯಾರೂ ಮುಖ ಗಂಟಿಕ್ಕುವುದಿಲ್ಲ, ಖಾಲಿ ತಟ್ಟೆ ತಂದುಕೊಡುತ್ತಾರೆ. ಹಂಚಿಕೊಂಡಿದ್ದಕ್ಕೆ ಕೆಲವು ಕಡೆ ಒಂದಿಷ್ಟು ಶುಲ್ಕ ಹಾಕುವುದುಂಟು. ಆರ್ಡರ್ ಮಾಡುವಾಗಲೇ ಕೇಳಿಬಿಡಿ.

ಸ್ಟ್ರಿಪ್ ಬಿಟ್ಟು ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸ್ಪ್ರಿಂಗ್ ಮೌಂಟನ್ ರಸ್ತೆ. ಅದು ವೇಗಸ್‌ನ ಚೈನಾಟೌನ್, ಹೆಸರಿಗೆ ಚೀನಾ ಆದರೂ ಕೊರಿಯಾ, ವಿಯೆಟ್ನಾಂ, ಜಪಾನ್, ಥಾಯ್ಲೆಂಡ್ ಎಲ್ಲವೂ ಇವೆ. ಹೋಟೆಲುಗಳಲ್ಲಿ ಇಸ್ಪೀಟು ಹಂಚುವವರು, ಕೋಣೆ ಗುಡಿಸುವವರು, ಅಡುಗೆ ಮಾಡುವವರು ತಮ್ಮ ಪಾಳಿ ಮುಗಿಸಿ ಊಟಕ್ಕೆ ಬರುವುದು ಇಲ್ಲಿಗೆ. ಸ್ಟ್ರಿಪ್ಪಿನ ಊಟಕ್ಕಿಂತ ಅಗ್ಗ, ರುಚಿಯೂ ಮೇಲು. ಈ ಊರಿನ ಇನ್ನೊಂದು ಹೆಮ್ಮೆ ಲೋಟಸ್ ಆಫ್ ಸಯಾಮ್ ಎಂಬ ಥಾಯ್ ಹೋಟೆಲು. ಹಳೆಯ ವ್ಯಾಪಾರ ಸಂಕೀರ್ಣವೊಂದರಲ್ಲಿ ಹೆಸರು ಮಾಡಿದ ಅದರ ಅಡುಗೆಯವರು ಸೈಪಿನ್ ಚುಟಿಮಾ. ಉತ್ತರ ಥಾಯ್ಲೆಂಡಿನ ಮನೆ ಅಡುಗೆಯನ್ನೇ ಬಡಿಸಿ 2011ರಲ್ಲಿ ಅಮೆರಿಕದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. ಸಸ್ಯಾಹಾರಿಗಳು ಥಾಯ್ ಹೋಟೆಲಿನಲ್ಲಿ ಮೀನಿನ ರಸ ಹಾಕುತ್ತೀರಾ ಎಂದೂ, ಮೆಕ್ಸಿಕೊ ಮೂಲದ ಹೋಟೆಲಿನಲ್ಲಿ ಬೀನ್ಸಿಗೆ ಹಂದಿಕೊಬ್ಬು ಹಾಕಿದೆಯೇ ಎಂದೂ ಬಾಯಿಬಿಟ್ಟು ಕೇಳಬೇಕು. 'ವೆಜಿಟೇರಿಯನ್' ಎಂದರೆ ಸಾಲದು, 'ವೀಗನ್' ಎಂದರೆ ಅಲ್ಲಿ ಎಲ್ಲರಿಗೂ ಖಚಿತವಾಗಿ ತಿಳಿಯುತ್ತದೆ. ಅದರ ಮೇಲೆ ಹಾಲು ಮೊಸರು ಆಗುತ್ತದೆ ಎಂದು ಸೇರಿಸಿ ಹೇಳಿದರಾಯಿತು. ವಿನ್ ಹೋಟೆಲಿನವರು ತಮ್ಮ ಎಲ್ಲ ರೆಸ್ಟೋರೆಂಟ್‌ಗಳಲ್ಲೂ ವೀಗನ್ ಪಟ್ಟಿ ಇಡತೊಡಗಿದ್ದು 2010ರಲ್ಲೇ. ಅನ್ನ ಸಾರು ಬೇಕೇಬೇಕು ಎನ್ನುವವರಿಗೆ ಭಾರತೀಯ ಹೋಟೆಲುಗಳೂ ಇವೆ. ಮಧ್ಯಾಹ್ನದ ಹೊತ್ತು ಹೋಗುವುದು ಲಾಭ.

ಮಧ್ಯಾಹ್ನ ಎಂದದ್ದಕ್ಕೆ ಕಾರಣವಿದೆ. ಒಂದೇ ಹೋಟೆಲು, ಒಂದೇ ಅಡುಗೆಮನೆ. ಮಧ್ಯಾಹ್ನದ ಪಟ್ಟಿಯಲ್ಲಿ ಒಂದು ಬೆಲೆ, ಸಂಜೆ ಐದರ ಮೇಲೆ ಇನ್ನೊಂದು. ದೊಡ್ಡ ಹೋಟೆಲಿನಲ್ಲಿ ಒಂದು ಸಲ ಕೂತು ಉಣ್ಣಬೇಕು ಎಂಬ ಆಸೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ರಾತ್ರಿ ಹಗುರವಾಗಿ ಏನಾದರೂ ತಿನ್ನಿ. ಪ್ಯಾರಿಸ್ ಎಂಬ ಹೋಟೆಲಿನ ಮೊನಾಮಿ ಗಾಬಿ ಎಂಬಲ್ಲಿ ಬೀದಿಗೆ ಮುಖಮಾಡಿದ ಜಗಲಿಯಿದೆ. ಎದುರಿಗೇ ಬೆಲಾಜಿಯೊ ಹೋಟೆಲಿನ ಸಂಗೀತ ಕಾರಂಜಿ. ಶನಿವಾರ ಭಾನುವಾರ ಕಾರಂಜಿ ಬೇಗ ಶುರುವಾಗುವುದರಿಂದ ಅವತ್ತಿನ ಮಧ್ಯಾಹ್ನದ ಊಟಕ್ಕೆ ಅದರ ಸಂಗೀತವೂ ಜೊತೆಯಾಗುತ್ತದೆ.

ಈಗ ಬಿಲ್ಲನ್ನು ಹತ್ತಿರದಿಂದ ನೋಡೋಣ, ಏಕೆಂದರೆ ನಮ್ಮವರು ತಬ್ಬಿಬ್ಬಾಗುವುದು ಇಲ್ಲೇ. ಪಟ್ಟಿಯಲ್ಲಿ 30 ಡಾಲರ್ ಎಂದಿರುವ ಊಟಕ್ಕೆ ಮಾರಾಟ ತೆರಿಗೆ ಶೇಕಡ 8.375, ಅಂದರೆ ಎರಡೂವರೆ ಡಾಲರ್. ಬಡಿಸಿದವರಿಗೆ ಟಿಪ್ಸ್ ಶೇಕಡ 18ರಿಂದ 20, ಅಂದರೆ ಸುಮಾರು ಆರು ಡಾಲರ್. ಅಲ್ಲಿಗೆ ಮೂವತ್ತರ ಊಟ ಮೂವತ್ತೆಂಟೂವರೆ ಆಯಿತು. ಕೆಲವು ಕಡೆ ಬಿಲ್ಲಿನ ಕೆಳಗೆ 'ಸಿಎನ್‌ಎಫ್' ಎಂಬ ಮೂರಕ್ಷರದ ಇನ್ನೊಂದು ಸಾಲು ಇರುತ್ತದೆ. ಅದು ಸರ್ಕಾರದ ತೆರಿಗೆಯಲ್ಲ, ಹೋಟೆಲಿನವರೇ ಸೇರಿಸುವ ಶುಲ್ಕ. ಗುಂಪು ದೊಡ್ಡದಾದರೆ ಟಿಪ್ಸನ್ನೂ ಅವರೇ ಸೇರಿಸಿಬಿಡುತ್ತಾರೆ. ನೋಡದೆ ಎರಡನೆಯ ಸಲ ಕೊಡಬೇಡಿ. ಕೌಂಟರಿನಲ್ಲಿ ನಾವೇ ತೆಗೆದುಕೊಂಡು ತಿನ್ನುವ ಕಡೆ ಟಿಪ್ಸ್ ಕಡ್ಡಾಯವಲ್ಲ. ಫುಡ್ ಹಾಲ್ ಅಗ್ಗವಾಗುವುದಕ್ಕೆ ಅರ್ಧ ಕಾರಣ ಇದೇ.

ಕೂತು ಉಂಡಲ್ಲಿ ಮಾತ್ರ ಟಿಪ್ಸ್ ಉಳಿಸಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೇಕಾದರೆ ಒಂದು ಸಿಹಿ ಕಡಿಮೆ ಮಾಡಿ. ಆ ಊರನ್ನು ನಡೆಸುತ್ತಿರುವವರು ಈ ಜನ. ಅವರ ಕಲಿನರಿ ಯೂನಿಯನ್, ಲೋಕಲ್ 226, ಸುಮಾರು 60 ಸಾವಿರ ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರ ಸಂಘ. 1991ರ ಸೆಪ್ಟೆಂಬರಿನಲ್ಲಿ ಫ್ರಾಂಟಿಯರ್ ಹೋಟೆಲಿನ ನೌಕರರು ಮುಷ್ಕರ ಹೂಡಿದರು. ಅದು ಮುಗಿದದ್ದು 1998ರ ಫೆಬ್ರವರಿಯಲ್ಲಿ. ಬಿಸಿಲು ಚಳಿಯೆನ್ನದೆ ಆರು ವರ್ಷ ಮೀರಿ ಬಾಗಿಲ ಮುಂದೆ ನಿಂತ ಸುಮಾರು ಐನೂರೈವತ್ತು ಮಂದಿಯಲ್ಲಿ ಒಬ್ಬರೂ ಸಾಲು ಮುರಿದು ಕೆಲಸಕ್ಕೆ ಹೋಗಲಿಲ್ಲ. ವೇಗಸ್‌ನ ದೀಪಗಳ ಬಗ್ಗೆ ಬರೆಯುವವರು ಈ ಕಥೆಯನ್ನೂ ಬರೆಯಬೇಕು.

ಹೋಟೆಲ್ ಕೋಣೆಯ ಬಗ್ಗೆ ಎರಡೇ ಮಾತು. ಬಾಡಿಗೆಯ ಮೇಲೆ 'ರೆಸಾರ್ಟ್ ಫೀ' ಎಂದು ರಾತ್ರಿಗೆ ಸುಮಾರು 40-55 ಡಾಲರ್ ಸೇರುತ್ತದೆ. ಹಿಂದೆ ಇದು ಕೊನೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. 2025ರ ಮೇ ತಿಂಗಳಿಂದ ಹೋಟೆಲ್ ಬಾಡಿಗೆಗೂ ಪ್ರದರ್ಶನದ ಟಿಕೆಟ್ಟಿಗೂ ಇಂಥ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಮೊತ್ತವನ್ನೇ ಮೊದಲು ತೋರಿಸಬೇಕೆಂದು ಅಮೆರಿಕ ಸರ್ಕಾರ ನಿಯಮ ಮಾಡಿದೆ. ಸಾಮಾನ್ಯವಾಗಿ ಭಾನುವಾರದಿಂದ ಗುರುವಾರದ ತನಕ ಬಾಡಿಗೆ ಕಡಿಮೆ, ಶುಕ್ರ ಶನಿವಾರ ದುಪ್ಪಟ್ಟು, ಮೂರುಪಟ್ಟು. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಜೋಡಿಸಿಟ್ಟ ಬಾಟಲಿಗಳನ್ನು ಮುಟ್ಟಲೇಬೇಡಿ. ಎತ್ತಿದ ಕೂಡಲೇ ಬಿಲ್ಲಿಗೆ ಸೇರುವ ಏರ್ಪಾಡು ಅನೇಕ ಕಡೆ ಇದೆ. ಬಂದ ದಿನವೇ ಹೊರಗಿನ ಔಷಧದಂಗಡಿಯಲ್ಲೋ ದಿನಸಿ ಅಂಗಡಿಯಲ್ಲೋ ನೀರು, ಹಣ್ಣು, ಮೊಸರು, ಬ್ರೆಡ್ಡು ತಂದಿಟ್ಟುಕೊಂಡರೆ ಬೆಳಗಿನ ತಿಂಡಿಯ ಖರ್ಚು ಉಳಿಯಿತು. ನಮ್ಮ ತಾಯಂದಿರು ಹೇಗೂ ಅವಲಕ್ಕಿ, ಚಟ್ನಿಪುಡಿ ಇಲ್ಲದೆ ಮನೆ ಬಿಡುವುದಿಲ್ಲ; ಇಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನು ನೋಟದ ಸುಖಕ್ಕೆ ಬರೋಣ. ನನಗೆ ಬಹಳ ಪ್ರಿಯವಾದದ್ದು ಇದು.

ಒಂದು ಸೆಂಟೂ ಕೊಡದೆ ನೋಡಬಹುದಾದ ಬೆಲಾಜಿಯೊ ಕಾರಂಜಿ 1998ರಿಂದ ನಡೆಯುತ್ತಿದೆ. ಹೋಟೆಲಿನ ಮುಂದೆ ಎಂಟು ಎಕರೆ ಮೀರಿದ ಕೆರೆ, ಅದರೊಳಗೆ ಸಾವಿರದ ಇನ್ನೂರಕ್ಕೂ ಹೆಚ್ಚು ನೀರಿನ ಕೊಳವೆ ಬಾಯಿಗಳು. ಕೃಷ್ಣರಾಜಸಾಗರದ ಬೃಂದಾವನದಲ್ಲಿ ಸಂಗೀತ ಕಾರಂಜಿ ನೋಡಿದವರಿಗೆ ಇದರ ತತ್ವ ಗೊತ್ತು. ಇಲ್ಲಿ ಬೆರಗಾಗಿಸುವುದು ನೀರಿನ ನಡೆ. ಕೆಲವು ಬಾಯಿಗಳು ಎಲ್ಲ ದಿಕ್ಕಿಗೂ ಬಾಗುತ್ತವೆ, ಆದ್ದರಿಂದ ನೀರು ನರ್ತಕಿಯರ ಸಾಲಿನಂತೆ ಒಲೆಯುತ್ತ ಒಬ್ಬರಿಂದೊಬ್ಬರಿಗೆ ಅಲೆ ದಾಟಿಸುತ್ತದೆ. ಇನ್ನು ಕೆಲವು, ಒತ್ತಿಟ್ಟ ಗಾಳಿಯ ಬಲದಿಂದ ನೀರನ್ನು ಆಕಾಶಕ್ಕೆ ಎಸೆಯುತ್ತವೆ, 460 ಅಡಿಯವರೆಗೆ. ಹಾಡು ಏರಿದಾಗ ಇವು ಒಟ್ಟಿಗೇ ಸಿಡಿದರೆ ತೋಪು ಹಾರಿಸಿದ ಸದ್ದು ಎದೆಗೆ ಬಡಿಯುತ್ತದೆ. ಒಂದು ಕ್ಷಣ ಬಿಟ್ಟು, ಮೇಲೆ ಹೋದ ನೀರು ಕೆರೆಗೆ ಬೀಳುವ ಚಪ್ಪಾಳೆಯಂಥ ಸದ್ದು. ಮರಳುಗಾಡಿನಲ್ಲಿ ಇಷ್ಟು ನೀರೇ ಎಂದು ನಮ್ಮ ಬಯಲುಸೀಮೆಯವರ ಹೊಟ್ಟೆ ಉರಿಯುವುದು ಸಹಜ. ಮೊದಲು ಅಲ್ಲಿ ಡ್ಯೂನ್ಸ್ ಎಂಬ ಹೋಟೆಲೂ ಗಾಲ್ಫ್ ಮೈದಾನವೂ ಇದ್ದವು. ಆ ಹುಲ್ಲಿಗೆ ಹಾಯಿಸುತ್ತಿದ್ದ ಸ್ವಂತ ಬಾವಿಯ ನೀರನ್ನೇ ಈಗ ಕೆರೆಗೆ ಬಿಡುತ್ತಾರೆ. ಮಧ್ಯಾಹ್ನ ಅರ್ಧ ಗಂಟೆಗೊಮ್ಮೆ, ಸಂಜೆಯಿಂದ ಮಧ್ಯರಾತ್ರಿಯವರೆಗೆ ಕಾಲು ಗಂಟೆಗೊಮ್ಮೆ, ಪ್ರತಿ ಸಲ ಬೇರೆ ಹಾಡು. ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಒಂದೇ ಹಾಡು ನೋಡಿ ಹೊರಟುಬಿಡಬೇಡಿ. ಮೊದಲ ಹಾಡನ್ನು ಕಟ್ಟೆಗೆ ಒರಗಿ ನೋಡಿ, ಎರಡನೆಯದನ್ನು ರಸ್ತೆಯಾಚೆ ನಿಂತು ನೋಡಿ. ದೂರದಿಂದ ನೋಡಿದಾಗಲೇ ಆ ವಿನ್ಯಾಸ ಪೂರ್ತಿ ತಿಳಿಯುವುದು.

ಅದೇ ಹೋಟೆಲಿನೊಳಗೆ ಸ್ವಾಗತ ಕೋಣೆಯ ಚಾವಣಿಯಿಂದ ಡೇಲ್ ಚಿಹೂಲಿ ಎಂಬ ಕಲಾವಿದನ ಸುಮಾರು 2,000 ಗಾಜಿನ ಹೂಗಳು ತೂಗಾಡುತ್ತವೆ. ದಾಟಿ ಮುಂದೆ ಹೋದರೆ ಗಾಜಿನ ಸೂರಿನ ಹೂದೋಟ. ನಾಲ್ಕು ಋತುಗಳಿಗೂ ಚೀನೀ ಹೊಸವರ್ಷಕ್ಕೂ ಸೇರಿ ವರ್ಷಕ್ಕೆ ಐದು ಸಲ ಇಡೀ ತೋಟವನ್ನು ಕಿತ್ತು ಹೊಸದಾಗಿ ಕಟ್ಟುತ್ತಾರೆ. ಹಗಲು ರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ತಪ್ಪದೆ ಹೋಗುವ ಹಿರಿಯರನ್ನು ಇಲ್ಲಿ ಬೆಳಿಗ್ಗೆ ಏಳಕ್ಕೆ ಬಿಡಿ. ಜನಸಂದಣಿ ಇರುವುದಿಲ್ಲ, ತೋಟದವರು ಬಾಡಿದ ಹೂ ತೆಗೆದು ಹೊಸ ಕುಂಡ ಇಡುವುದನ್ನು ನೋಡುತ್ತ ನಿಲ್ಲಬಹುದು.

ಪುಕ್ಕಟೆ ನೋಟಗಳು ಇನ್ನೂ ಇವೆ. ಸರ್ಕಸ್ ಸರ್ಕಸ್ ಹೋಟೆಲಿನಲ್ಲಿ 1968ರಿಂದಲೂ ದಿನಕ್ಕೆ ಹಲವು ಸಲ ನಿಜವಾದ ಸರ್ಕಸ್ ಆಟಗಳಾಗುತ್ತವೆ. ಫ್ಲಮಿಂಗೊ ಹೋಟೆಲಿನ ಹಿತ್ತಲಲ್ಲಿ ರಾಜಹಂಸಗಳಿವೆ, ಮೊಮ್ಮಕ್ಕಳಿಗೆ ಖುಷಿ. 2023ರಲ್ಲಿ ತೆರೆದ ಸ್ಫಿಯರ್ ಎಂಬ ಬೃಹತ್ ಗೋಳದ ಹೊರಮೈಯೆಲ್ಲ ದೀಪದ ಪರದೆ. ಒಳಗಿನ ಟಿಕೆಟ್ ದುಬಾರಿ, ಹೊರಗಿನ ಚಿತ್ರಗಳನ್ನು ರಸ್ತೆಯಲ್ಲಿ ನಿಂತೇ ನೋಡಬಹುದು. ಹಳೆಯ ಪೇಟೆಯ ಫ್ರೀಮಾಂಟ್ ಬೀದಿಗೆ 1995ರಲ್ಲಿ ತೊಂಬತ್ತು ಅಡಿ ಎತ್ತರದ ಕಮಾನು ಚಪ್ಪರ ಹಾಕಿದರು. ರಾತ್ರಿ ಆ ಚಪ್ಪರದ ತುಂಬ ಬೆಳಕಿನ ಚಿತ್ರ ಓಡುತ್ತದೆ, ಕೆಳಗೆ ವೇದಿಕೆಗಳ ಮೇಲೆ ಬ್ಯಾಂಡಿನವರು ಹಾಡುತ್ತಾರೆ. ಸದ್ದು ಬಹಳ, ವೇಷದವರ ಕಾಟವೂ ಉಂಟು. ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ದುಡ್ಡು ಕೇಳುತ್ತಾರೆ. ಹಿರಿಯರಿದ್ದರೆ ಸಂಜೆ ಏಳರಿಂದ ಎಂಟೂವರೆ ಅಲ್ಲಿಗೆ ಸರಿಯಾದ ಹೊತ್ತು. ಹಳೆಯ ಪ್ರವಾಸ ಪುಸ್ತಕಗಳು ಹೊಗಳುವ ಮಿರಾಜ್ ಹೋಟೆಲಿನ ಜ್ವಾಲಾಮುಖಿ ಈಗ ಇಲ್ಲ. 2024ರ ಜುಲೈಯಲ್ಲಿ ಆ ಹೋಟೆಲೇ ಮುಚ್ಚಿತು.

ಪುಕ್ಕಟೆಯದನ್ನೇ ನೋಡಿ ಬರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಇಲ್ಲಿ ಉಳಿಸಿದ ದುಡ್ಡನ್ನೆಲ್ಲ ಒಂದು ಕಡೆ ಧಾರಾಳವಾಗಿ ಖರ್ಚು ಮಾಡಬೇಕು, ಅದು ಒಂದು ಒಳ್ಳೆಯ ಪ್ರದರ್ಶನಕ್ಕೆ. ಯಾವುದು ಎಂದರೆ, ಸರ್ಕ್ ದು ಸೊಲೇ ತಂಡದ್ದು. ಕೆನಡಾದ ಕ್ವಿಬೆಕ್‌ನಲ್ಲಿ ಬೀದಿ ಕಲಾವಿದರು ಕಟ್ಟಿದ ಈ ತಂಡ 1993ರಲ್ಲಿ ಟ್ರೆಷರ್ ಐಲೆಂಡ್ ಹೋಟೆಲಿನಲ್ಲಿ ಮಿಸ್ಟೇರ್ ಎಂಬ ಪ್ರದರ್ಶನ ಶುರುಮಾಡಿತು, ಅದು ಈಗಲೂ ನಡೆಯುತ್ತಿದೆ. 1998ರಿಂದ ಬೆಲಾಜಿಯೊದಲ್ಲಿ 'ಓ' ನಡೆಯುತ್ತಿದೆ. ಅದರ ರಂಗವೇ ಸುಮಾರು 57 ಲಕ್ಷ ಲೀಟರ್ ನೀರಿನ ಕೊಳ. ಈಗ ತಾನೆ ಒಬ್ಬ ಎತ್ತರದಿಂದ ಧುಮುಕಿ ಮುಳುಗಿದ ಜಾಗದಲ್ಲಿ ಮರುಕ್ಷಣ ಇನ್ನೊಬ್ಬ ನಡೆದುಕೊಂಡು ಬರುತ್ತಾನೆ, ನೀರಿನಡಿಯ ನೆಲ ಅಷ್ಟರಲ್ಲಿ ಮೇಲೆದ್ದಿರುತ್ತದೆ. 'ಓ' ಟಿಕೆಟ್ ಹೆಚ್ಚು. ಮಿಸ್ಟೇರ್‌ದು ಅದಕ್ಕಿಂತ ಸಾಕಷ್ಟು ಕಡಿಮೆ.

ನಾನು ಅಕ್ಕನ ಜೊತೆ ನೋಡಿದ್ದು ಮಿಸ್ಟೇರ್. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಲ್ಲಿ ಅದು ಬೇಕಾಗಲೂ ಇಲ್ಲ. ಹಾಡುಗಳು ಹೆಚ್ಚಾಗಿ ಯಾವ ದೇಶದ್ದೂ ಅಲ್ಲದ ಕಟ್ಟಿದ ಭಾಷೆಯಲ್ಲಿವೆ, ಕಥೆಯೆಲ್ಲ ಮೈಯಲ್ಲೇ. ರಂಗದ ಮೇಲೆ ನೆಟ್ಟ ಎತ್ತರದ ಕಂಬಗಳನ್ನು ಕಲಾವಿದರು ಕೈಕಾಲಿನಿಂದ ಸರಸರನೆ ಹತ್ತುತ್ತಾರೆ. ತುದಿಯಲ್ಲಿ ತಲೆಕೆಳಗಾಗಿ, ತೊಡೆಗಳಿಂದ ಮಾತ್ರ ಕಂಬ ಹಿಡಿದು, ಎರಡೂ ಕೈ ಬಿಟ್ಟು ಜಾರುತ್ತಾರೆ. ತಲೆ ನೆಲ ಮುಟ್ಟಲು ಒಂದು ಗೇಣು ಇದೆ ಎನ್ನುವಾಗ ಗಕ್ಕನೆ ನಿಲ್ಲುತ್ತಾರೆ. "ಅಯ್ಯೋ, ಬಿದ್ದ ಕಣೇ!" ಎಂದು ಅಕ್ಕ ನನ್ನ ತೋಳು ಚಿವುಟಿದಳು. ಹೊರಗೆ ಬಂದಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಇವರು ದಿನಾ ಎರಡೆರಡು ಸಲ ಹೀಗೆ ಮಾಡಬೇಕಾ?" ಹೌದು, ಪ್ರದರ್ಶನದ ದಿನಗಳಲ್ಲಿ ಸಾಮಾನ್ಯವಾಗಿ ರಾತ್ರಿಗೆ ಎರಡು ಸಲ. ಈ ಶ್ರಮಕ್ಕೆ ಕೊಟ್ಟ ದುಡ್ಡು ಎಂದೂ ನಷ್ಟವಲ್ಲ ಎಂದು ನಾನು ನಂಬಿದ್ದೇನೆ.

ಟಿಕೆಟ್ ಕೊಳ್ಳುವ ಬಗೆ ಹೀಗೆ. ಸ್ಟ್ರಿಪ್ಪಿನಲ್ಲಿ ಟಿಕ್ಸ್‌ಫೋರ್ ಎಂಬ ರಿಯಾಯಿತಿ ಟಿಕೆಟ್ ಕಟ್ಟೆಗಳಿವೆ. ಅವತ್ತು ಮಾರಾಟವಾಗದೆ ಉಳಿದ ಸೀಟುಗಳು ಕಡಿಮೆಗೆ ಸಿಗುತ್ತವೆ. ಅಲ್ಲಿ ಕೊಳ್ಳುವ ಮುಂಚೆ ಆ ಹೋಟೆಲಿನವರದೇ ಬೆಲೆ ಎಷ್ಟೆಂದು ಫೋನಿನಲ್ಲಿ ನೋಡಿಕೊಳ್ಳಿ, ಕೆಲವು ಸಲ ಹೋಟೆಲಿನಲ್ಲೇ ಅಗ್ಗ. ಸಾಮಾನ್ಯವಾಗಿ ಟಿಕೆಟ್ ಮೇಲೆ ಶೇಕಡ 9ರ ಮನರಂಜನಾ ತೆರಿಗೆ ಇರುತ್ತದೆ. ಸೀಟು ಆರಿಸುವಾಗ ಮುಂದಿನ ಸಾಲಿಗೆ ಆಸೆಪಡಬೇಡಿ. ಈ ಆಟಗಳೆಲ್ಲ ಮೇಲೆ ಗಾಳಿಯಲ್ಲೂ ಅಕ್ಕಪಕ್ಕಗಳಲ್ಲೂ ನಡೆಯುತ್ತವೆ. ಮುಂದೆ ಕೂತವರಿಗೆ ಕತ್ತು ನೋವು, 'ಓ'ದಲ್ಲಿ ಮೈ ಒದ್ದೆ. ಹಿಂದಿನ ಸಾಲಿನ ನಡುವಿನ ಸೀಟು ಅಗ್ಗ, ನೋಟವೂ ಪೂರ್ತಿ. ಸಭಾಂಗಣ ತಣ್ಣಗೆ ಕೊರೆಯುತ್ತದೆ, ಶಾಲು ಇರಲಿ. ಮಕ್ಕಳ ವಯಸ್ಸಿನ ಮಿತಿ ಒಂದೊಂದು ಪ್ರದರ್ಶನಕ್ಕೆ ಒಂದೊಂದು ಬಗೆ.

ಇಂಗ್ಲಿಷ್ ಚೆನ್ನಾಗಿ ತಿಳಿಯುವವರಿಗೆ ಎಕ್ಸ್‌ಕ್ಯಾಲಿಬರ್ ಹೋಟೆಲಿನಲ್ಲಿ ಮ್ಯಾಕ್ ಕಿಂಗ್ ಮಾಡುವ ಮಧ್ಯಾಹ್ನದ ಜಾದು, ರಾತ್ರಿಯ ಪ್ರದರ್ಶನಗಳಿಗಿಂತ ಅಗ್ಗದಲ್ಲಿ ಸಿಗುವ ನಗು. ರಿಯೊ ಹೋಟೆಲಿನಲ್ಲಿ 2001ರಿಂದ ಪೆನ್ ಮತ್ತು ಟೆಲ್ಲರ್ ಎಂಬ ಜಾದುಗಾರರ ಜೋಡಿ ಇದೆ. ಒಬ್ಬ ಬಾಯಿ ಮುಚ್ಚುವುದೇ ಇಲ್ಲ, ಇನ್ನೊಬ್ಬ ಬಾಯಿ ತೆರೆಯುವುದೇ ಇಲ್ಲ.

ರಸ್ತೆಯಲ್ಲಿ ನಗುನಗುತ್ತ ಎದುರಾಗಿ, "ಶೋ ಟಿಕೆಟ್ ಉಚಿತ" ಎನ್ನುವವರಿಗೆ ಮಾತ್ರ ನಿಲ್ಲಬೇಡಿ. ಅವರು ಟೈಮ್‌ಶೇರ್, ಅಂದರೆ ರಜೆಯ ಮನೆಯಲ್ಲಿ ವರ್ಷಕ್ಕೆ ಇಷ್ಟು ದಿನ ಎಂಬ ಪಾಲು, ಮಾರುವವರು. ಟಿಕೆಟ್ಟಿಗಾಗಿ ಎರಡು ಮೂರು ಗಂಟೆ ಕೂಡಿಸಿ, ಸಾವಿರಾರು ಡಾಲರಿನ ಕರಾರಿಗೆ ಸಹಿ ಹಾಕಿಸಲು ನೋಡುತ್ತಾರೆ. ಎರಡೇ ದಿನದ ಪ್ರವಾಸದಲ್ಲಿ ಅರ್ಧ ದಿನ ಅವರಿಗೆ ಕೊಡುವುದು ಬಲು ದುಬಾರಿ.

ಜೂಜಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಸಭಾಂಗಣಕ್ಕೆ ಹೋಗಬೇಕಾದರೂ ಊಟಕ್ಕೆ ಹೋಗಬೇಕಾದರೂ ಜೂಜಿನ ಅಂಗಳ ದಾಟಿಯೇ ಹೋಗಬೇಕು, ಕಟ್ಟಡಗಳನ್ನು ಕಟ್ಟಿರುವುದೇ ಹಾಗೆ. ಸಾಮಾನ್ಯವಾಗಿ ಗಡಿಯಾರ ಕಾಣಿಸುವುದಿಲ್ಲ, ಕಿಟಕಿಯೂ ಕಡಿಮೆ. ಆಡುತ್ತ ಕೂತವರಿಗೆ ಮದ್ಯ ಪುಕ್ಕಟೆ. "ಬರೀ ಇಪ್ಪತ್ತು ಡಾಲರ್, ತಮಾಷೆಗೆ" ಎಂದು ಜೊತೆಯವರು ಕರೆಯುತ್ತಾರೆ. ಲೆಕ್ಕ ಕೇಳಿ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳು. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಕೊಡುವುದು 35ರಷ್ಟು. ಕಟ್ಟಿದ ಪ್ರತಿ ನೂರು ಡಾಲರಿನಲ್ಲಿ ಐದಕ್ಕೂ ಹೆಚ್ಚು ಸರಾಸರಿಯಾಗಿ ಜೂಜು ನಡೆಸುವವರ ಪಾಲು, ಯಾರ ಅದೃಷ್ಟವೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಆ ಇಪ್ಪತ್ತು ಡಾಲರನ್ನು ಟಿಕೆಟ್ಟಿಗೆ ಸೇರಿಸಿದರೆ ಒಂದು ದರ್ಜೆ ಮೇಲಿನ ಸೀಟಿಗೆ ಹೋಗಬಹುದು. ಇಪ್ಪತ್ತೊಂದು ವರ್ಷ ತುಂಬದವರು ಜೂಜಿನ ಅಂಗಳದಲ್ಲಿ ನಿಲ್ಲುವಂತೆಯೇ ಇಲ್ಲ, ನಡೆದು ದಾಟಬಹುದಷ್ಟೆ. ಮೊಮ್ಮಕ್ಕಳ ಕೈ ಹಿಡಿದುಕೊಂಡೇ ಹೋಗಿ.

ಕೊನೆಯದಾಗಿ ಕಾಲು ಮತ್ತು ಬಿಸಿಲಿನ ವಿಚಾರ. ಪಕ್ಕದ ಹೋಟೆಲು ಎಂದು ಕಣ್ಣಿಗೆ ಕಾಣುವುದು ನಡೆದರೆ ಇಪ್ಪತ್ತು ನಿಮಿಷ. ಡ್ಯೂಸ್ ಎಂಬ ಎರಡಂತಸ್ತಿನ ಬಸ್ಸು ಹಗಲು ರಾತ್ರಿ ಸ್ಟ್ರಿಪ್ ಉದ್ದಕ್ಕೂ ಓಡುತ್ತದೆ; ಒಂದು ದಿನದ ಪಾಸು ಒಂದು ಟ್ಯಾಕ್ಸಿ ಸವಾರಿಗಿಂತ ಅಗ್ಗ. ಮ್ಯಾಂಡಲೇ ಬೇ, ಲಕ್ಸರ್, ಎಕ್ಸ್‌ಕ್ಯಾಲಿಬರ್ ಹೋಟೆಲುಗಳ ನಡುವೆ ಒಂದು, ಪಾರ್ಕ್ ಎಂಜಿಎಂನಿಂದ ಬೆಲಾಜಿಯೊಗೆ ಇನ್ನೊಂದು ಪುಕ್ಕಟೆ ಟ್ರ್ಯಾಮ್ ಇದೆ. 2024ರ ಜುಲೈ 7ರಂದು ಅಲ್ಲಿ ದಾಖಲಾದ ಉಷ್ಣತೆ ಸುಮಾರು 49 ಡಿಗ್ರಿ ಸೆಲ್ಸಿಯಸ್. ಜೂನ್‌ನಿಂದ ಆಗಸ್ಟ್‌ವರೆಗೆ ಹಿರಿಯರನ್ನೂ ಕೂಸನ್ನೂ ಮಧ್ಯಾಹ್ನ ಹೊರಗೆ ತಿರುಗಿಸಬೇಡಿ. ಸಾಧ್ಯವಾದರೆ ಅಕ್ಟೋಬರ್ ಅಥವಾ ಮಾರ್ಚ್-ಏಪ್ರಿಲ್ ತಿಂಗಳಲ್ಲಿ, ಭಾನುವಾರ ತಲುಪಿ ಮಂಗಳವಾರ ಹೊರಡುವ ಹಾಗೆ ಗೊತ್ತುಮಾಡಿಕೊಳ್ಳಿ. ಮಿಸ್ಟೇರ್ ಯಾವ ಯಾವ ದಿನ ಇದೆ, ಯಾವತ್ತು ರಜೆ ಎಂದು ಮೊದಲೇ ವಿಚಾರಿಸಿ, ಕೋಣೆಯನ್ನು ಆಮೇಲೆ ಹಿಡಿಯಿರಿ.